ಪಾಪರ್ ಚೀಟಿಯೋ, ಕಂತೋ?

(ಹುಣಸೂರು ಉಪವಿಭಾಗದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕೇರಿಗಳಿಂದ, ಹಾಡಿಗಳಿಂದ ಬಂದವರು ನಾವು. ಸಾಲ ಇಲ್ಲದ ಮನೆಯವರು ಕೈ ಎತ್ತಿ ಅಂದರೆ ನಮ್ಮಲ್ಲಿ ಎಷ್ಟು ಕೈ ಎದ್ದಾವು? ಹೊಗೆಸೊಪ್ಪಿನ ಕೂಲಿಗೆ ಹೋಗುವವರಿಗೂ ಸಾಲ. ಕೊಡಗಿನ ಕಾಫಿ ತೋಟಕ್ಕೆ ಮುಂಗಡ ಈಸಿಕೊಂಡು ಹೋದವರಿಗೂ ಸಾಲ. ನಾಲೆ ಬಯಲಲ್ಲಿ ನಾಟಿ ಹಾಕುವವರಿಗೂ ಸಾಲ. ಕುಡಿದು ಕುಣಿದು ಮಾಡಿದ ಸಾಲವಲ್ಲ ಇದು. ಆಸ್ಪತ್ರೆಗೆ, ಮದುವೆಗೆ, ನಮ್ಮ ಓದಿಗೆ ತಂದದ್ದು.

ಈಗ ಊರಲ್ಲಿ ಎರಡು ಮಾತು ಕೇಳುತ್ತಿವೆ. ಒಬ್ಬ ಹೇಳುತ್ತಾನೆ, "ಪಾಪರ್ ಚೀಟಿ ತಗೊಂಡ್ಬಿಡಿ, ಎಲ್ಲಾ ಸಾಲ ಹೋಗುತ್ತೆ." ಇನ್ನೊಬ್ಬ ಹೇಳುತ್ತಾನೆ, "ಹೊಟ್ಟೆ ಕಟ್ಟಿಯಾದರೂ ಕಂತು ಕಟ್ರಪ್ಪ, ಸಿಬಿಲ್ ಕೆಟ್ಟರೆ ನಾಳೆ ಮಗನಿಗೆ ಲೋನ್ ಸಿಗಲ್ಲ." ಯಾವುದು ಸರಿ? ಇಬ್ಬರೂ ಎಲ್ಲ ಸಾಲವನ್ನೂ ಒಂದೇ ಗಂಟು ಮಾಡಿ ಮಾತಾಡುತ್ತಿದ್ದಾರೆ. ಮೊದಲು ಆ ಗಂಟು ಬಿಚ್ಚಬೇಕು.

ಪಾಪರ್ ಚೀಟಿಯ ಕತೆ ನೋಡೋಣ. 2016ರ ದಿವಾಳಿ ಸಂಹಿತೆಯಲ್ಲಿ ಬಡವರಿಗೆಂದು 'ಹೊಸ ಆರಂಭ' ಎಂಬ ಅಧ್ಯಾಯ ಬರೆದರು. ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅಂದರೆ ಸರ್ಕಾರವೇ ಕೊಟ್ಟ ಆಶ್ರಯ ಮನೆ ಸ್ವಂತದ್ದಾಗಿದ್ದರೆ ನಾವು ಆ ಬಾಗಿಲ ಆಚೆ! ಶಿಕ್ಷಣ ಸಾಲವನ್ನಂತೂ ಅದರಿಂದ ಹೊರಗೇ ಇಟ್ಟರು. ಆಮೇಲೆ 2019ರ ಡಿಸೆಂಬರಿನಲ್ಲಿ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಭಾಗವನ್ನು ಮಾತ್ರ. ಕೋಟಿಗಟ್ಟಲೆಯವರಿಗೆ ಬಾಗಿಲು ತೆರೆಯಿತು, ಕೂಲಿಯವನ ಬಾಗಿಲಿಗೆ ಬೀಗ. ಉಳಿದದ್ದು ಹಳೆಯ ದಿವಾಳಿ ಕಾನೂನು: ವಕೀಲರು, ವಾಯಿದೆ, ಕೋರ್ಟಿನ ಅಲೆದಾಟ. ಅಲ್ಲಿ ಗೆದ್ದರೂ ಜಾಮೀನು ನಿಂತವರ ಹೊಣೆ ಹೋಗುವುದಿಲ್ಲ. ಸಂಘದ ಸಾಲದಲ್ಲಿ ಜಾಮೀನು ಯಾರು? ಪಕ್ಕದ ಮನೆ ಅಕ್ಕ, ಎದುರು ಮನೆ ಚಿಕ್ಕವ್ವ. ನಾವು ಕೈ ಎತ್ತಿದರೆ ಹೊರೆ ಬೀಳುವುದು ಅವರ ತಲೆಗೆ.

ಹಾಗಾದರೆ ಎಲ್ಲವನ್ನೂ ಕಟ್ಟಬೇಕೆ? ಅದೂ ಅಲ್ಲ. ಸಾಲವನ್ನು ಮೂರು ಗುಡ್ಡೆ ಮಾಡಿ.

ಮೊದಲನೆಯದು ಜೀತದ ಸಾಲ. ಮುಂಗಡ ಕೊಟ್ಟು ಆಳನ್ನು ಹಿಡಿದಿಟ್ಟುಕೊಂಡ ಸಾಲ. 1976ರ ಜೀತ ನಿರ್ಮೂಲನ ಕಾಯ್ದೆ ಪ್ರಕಾರ ಆ ಸಾಲ ಸತ್ತುಹೋಯಿತು. ಅದನ್ನು ಕಟ್ಟುವ ಹಂಗಿಲ್ಲ, ಕೇಳುವವನೇ ಅಪರಾಧಿ. ದೂರು ಹುಣಸೂರಿನ ಉಪವಿಭಾಗಾಧಿಕಾರಿಗೆ ಕೊಡಿ. ಬಿಡುಗಡೆ ಪತ್ರ ಕೈಗೆ ಬರುವವರೆಗೆ ಬಿಡಬೇಡಿ.

ಎರಡನೆಯದು ಮೀಟರ್ ಬಡ್ಡಿ. ನೂರಕ್ಕೆ ತಿಂಗಳಿಗೆ ಐದು ಅಂದರೆ ಕೇಳೋಕೆ ಸಣ್ಣದು. ಹತ್ತು ಸಾವಿರಕ್ಕೆ ವರ್ಷಕ್ಕೆ ಆರು ಸಾವಿರ ಬಡ್ಡಿ, ಅಸಲು ಹಾಗೇ ನಿಂತಿರುತ್ತೆ! 1976ರಲ್ಲಿ ಹುಣಸೂರಿನವರೇ ಆದ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಭೂಹೀನರ, ದುರ್ಬಲರ ಖಾಸಗಿ ಸಾಲ ತೀರಿತು ಅಂತ ಹೇಳಿತು. 2019ರ ಜುಲೈನಲ್ಲಿ ಮತ್ತೊಂದು ಋಣ ಪರಿಹಾರ ಕಾಯ್ದೆ ಜಾರಿಗೆ ಬಂತು. ಅರ್ಜಿ ಹಾಕಲು ಇದ್ದದ್ದು ತೊಂಬತ್ತೇ ದಿನ. ಓದು ಬಲ್ಲವರಿಗೆ ತಿಳಿಯಿತು, ಕೇರಿಗೆ ಸುದ್ದಿ ತಲುಪುವಷ್ಟರಲ್ಲಿ ಗಡುವು ಮುಗಿಯಿತು. 2025ರ ಫೆಬ್ರವರಿಯಲ್ಲಿ ಕಿರುಸಾಲದ ಸುಗ್ರೀವಾಜ್ಞೆ ಬಂತು: ಲೈಸೆನ್ಸು, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದ್ದರಿಂದ ಬಡ್ಡಿಯವನು ಬಂದರೆ ಮೊದಲ ಪ್ರಶ್ನೆ: "ಅಣ್ಣ, ಲೈಸೆನ್ಸು ತೋರ್ಸಿ."

ಮೂರನೆಯದು ಬ್ಯಾಂಕು, ಸೊಸೈಟಿ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳ ಸಾಲ. ಇದನ್ನು ಆ ಸುಗ್ರೀವಾಜ್ಞೆ ಮನ್ನಾ ಮಾಡಲಿಲ್ಲ. ಹಾಗೆಂದು ಸುಳ್ಳು ಭರವಸೆ ಕೊಡುವವರನ್ನು ನಂಬಬೇಡಿ. ಇದು ಕಟ್ಟುವ ಸಾಲ. ಆದರೆ ಕಟ್ಟುವುದಕ್ಕೂ ಕಟ್ಟಳೆ ಇದೆ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ, ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ ಮನೆಗೆ ಕಿರುಸಾಲ ಕೊಡುವಾಗ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಬರಬಾರದು. ಅವಾಚ್ಯ ಮಾತು, ಬೆದರಿಕೆ ಕೂಡದು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕಟ್ಟುತ್ತಾರೆ. ಮೀಟರ್ ಬಡ್ಡಿಯವನು ಜೋರು. ಬ್ಯಾಂಕಿನದು ಕಾಗದದ ನೋಟೀಸು, ಅದು ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತೆ. ಕಾನೂನು ತೀರಿಸಿದ ಸಾಲಕ್ಕೆ ದುಡ್ಡು ಸುರಿದು, ಸಿಬಿಲ್‌ನಲ್ಲಿ ದಾಖಲಾಗುವ ಸಾಲವನ್ನು ಬಾಕಿ ಬಿಡುತ್ತೇವೆ. ಈ ಕ್ರಮ ತಲೆಕೆಳಗಾಗಬೇಕು.

ಸಿಬಿಲ್ ಅಂದರೆ ದೇವರಲ್ಲ, ಲೆಕ್ಕದ ಪುಸ್ತಕ. 300ರಿಂದ 900ರವರೆಗಿನ ಅಂಕ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೇಳಬಹುದು. ತೀರಿದ ಸಾಲ ಬಾಕಿ ಅಂತಿದ್ದರೆ ದೂರು ಕೊಡಿ. ಮೂವತ್ತು ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂತು. ಇನ್ನೊಂದು ಎಚ್ಚರ. "ಅರ್ಧ ಕಟ್ಟಿ, ಸೆಟಲ್ ಮಾಡ್ಕೊಳ್ಳಿ" ಅಂದಾಗ ವರದಿಯಲ್ಲಿ 'ಸೆಟಲ್ಡ್' ಅಂತ ಬೀಳುತ್ತೆ. ಅದು 'ಕ್ಲೋಸ್ಡ್' ಅಲ್ಲ, ಮುಂದೆ ಸಾಲ ಕೊಡುವವನು ಅದನ್ನು ಕಳಂಕವಾಗಿಯೇ ನೋಡುತ್ತಾನೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿ, ಆದರೆ ತಿಳಿದು ಮಾಡಿ. ಪೂರ್ತಿ ತೀರಿಸಿದ ದಿನ ಬಾಕಿ ಇಲ್ಲ ಎಂಬ ಪತ್ರ ಕೈಗೆ ಬರದೆ ಕಚೇರಿ ಬಿಟ್ಟು ಏಳಬೇಡಿ.

ಶಿಕ್ಷಣ ಸಾಲದ ಭಯ ನಮಗೆಲ್ಲ ಇದೆ. ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಅರ್ಜಿ ತಳ್ಳಿಹಾಕಬಾರದು ಅಂತ 2023ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ನಮ್ಮ ಮ್ಯಾನೇಜರ್‌ಗೆ ಅದೇ ಕಟ್ಟಾಜ್ಞೆಯಲ್ಲ, ಆದರೂ ಎತ್ತಿ ತೋರಿಸಲು ಬರುತ್ತೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಗೆಳೆಯರೆ, ಈ ಸಲ ರಜೆಗೆ ಊರಿಗೆ ಹೋದಾಗ ಅವ್ವನ ಟ್ರಂಕಿನಲ್ಲಿರುವ ಪಾಸ್‌ಬುಕ್ಕು, ಕಂತಿನ ಕಾರ್ಡು, ನೋಟೀಸು ಎಲ್ಲ ಹರವಿಕೊಂಡು ಕೂರಿ. ಯಾರಿಗೆ, ಎಷ್ಟು, ಯಾವ ಬಡ್ಡಿ, ಲೈಸೆನ್ಸು ಇದೆಯೋ ಇಲ್ಲವೋ ಬರೆಯಿರಿ. ನಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯದು. ಹೆಬ್ಬೆಟ್ಟು ಒತ್ತಿಸಿಕೊಂಡೇ ನಮ್ಮ ಹಿರಿಯರನ್ನು ಜೀತಕ್ಕೆ ಕಟ್ಟಿದರು. ಬಾಬಾಸಾಹೇಬರು ಕೊಟ್ಟ ಅಕ್ಷರ ಆ ಹೆಬ್ಬೆಟ್ಟಿನ ಲೆಕ್ಕ ಬಿಡಿಸದಿದ್ದರೆ ಮತ್ಯಾವುದಕ್ಕೆ?

ಜೈ ಭೀಮ್.