ಎರಡಾಣೆ ಕೇಳಿಕೊಂಡು ಬಂದವರು

ಪದವಿ ಪಡೆಯುತ್ತಿರುವ ಮಕ್ಕಳೇ, ಅರ್ಧ ದಿನದ ಮಗ್ಗ ನಿಲ್ಲಿಸಿ ಬಂದಿರುವ ತಂದೆ ತಾಯಂದಿರೇ,

ಬೆಳಿಗ್ಗೆ ಬಸ್ಸಿಳಿದು ಎರಡು ಬೀದಿ ನಡೆದುಕೊಂಡೇ ಬಂದೆ. ಮಗ್ಗದ ಸದ್ದು ಕಿವಿಗೆ ಬೀಳುವವರೆಗೂ ನನಗೆ ದೊಡ್ಡಬಳ್ಳಾಪುರಕ್ಕೆ ಬಂದೆ ಅನ್ನಿಸುವುದಿಲ್ಲ. ಒಂದು ಮನೆಯ ನಡುಮನೆಯಲ್ಲಿ ತಾಯಿಯೊಬ್ಬರು ಕಂಡಿಕೆ ಸುತ್ತುತ್ತಿದ್ದರು. ಎಳೆ ಹರಿಯಿತು. ಎರಡು ತುದಿ ಹುಡುಕಿ, ಬೆರಳಲ್ಲೇ ಹೊಸೆದು, ತಲೆಯೆತ್ತದೆ ಕೆಲಸ ಮುಂದುವರಿಸಿದರು. ಹೆಸರಾಂತ ಕಂಪನಿಗಳು ಹುಟ್ಟಿ ಬೆಳೆದ ಬಗೆಯನ್ನು ಮಕ್ಕಳಿಗೆ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಯಾವ ಕಥೆ ಹೇಳಬೇಕೆಂಬುದು ಆ ಬಾಗಿಲಲ್ಲೇ ತೀರ್ಮಾನವಾಯಿತು.

ಅದು ನೇಕಾರರ ಕಷ್ಟ ನೋಡಿ ಹುಟ್ಟಿದ ಬ್ಯಾಂಕಿನ ಕಥೆ. 1925ರ ಉಡುಪಿ. ಕರಾವಳಿಯಲ್ಲಿ ಕೈಮಗ್ಗದ ಕಸುಬು ನೆಲಕಚ್ಚಿತ್ತು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ.

1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯನ್ನು ನಾನು ದೊಡ್ಡ ಆವಿಷ್ಕಾರವೆಂದೇ ಎಣಿಸುತ್ತೇನೆ. ದಿನಗೂಲಿಯವನು, ಬೀದಿಬದಿ ವ್ಯಾಪಾರಿ ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕಾಲ. ಬ್ಯಾಂಕೇ ಅವರ ಮನೆಬಾಗಿಲಿಗೆ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಲೆಕ್ಕ ಹಾಕಿ: ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಒಟ್ಟಿಗೆ ಕೊಡು ಅಂದರೆ ಯಾವ ಬಡವನ ಕೈಯಲ್ಲೂ ಇರದ ಮೊತ್ತ. ಸ್ಥಾಪಕರ ಧೈರ್ಯದ ಕಥೆಗಳನ್ನು ನಾವು ಬೇಕಾದಷ್ಟು ಹೇಳುತ್ತೇವೆ. ಮಳೆಗಾಲದಲ್ಲೂ ಕೊಡೆ ಹಿಡಿದು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಮನೆ ಮನೆ ತಿರುಗಿದ ಪಿಗ್ಮಿ ಏಜೆಂಟರನ್ನು ಯಾರು ನೆನೆಯುತ್ತಾರೆ? ಆ ಬ್ಯಾಂಕು ಬೆಳೆದದ್ದು ಅವರ ಕಾಲಮೇಲೆ.

ನಮ್ಮ ಮನೆಗೂ ಪಿಗ್ಮಿಯವರು ಬರುತ್ತಿದ್ದರು. ಅವರು ಬರುವ ಹೊತ್ತಿಗೆ ಅಮ್ಮ ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದು ಸೆರಗಿನ ತುದಿಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಅವರು ಬರೆದುಕೊಟ್ಟದ್ದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ನನ್ನ ಕೈಯಲ್ಲಿ ಓದಿಸುತ್ತಿದ್ದಳು. ನಾನು ಕಲಿತ ಮೊದಲ ಲೆಕ್ಕ ಅದೇ.

ಬೇರೆ ಕಥೆಗಳೂ ನಿಮಗೆ ಗೊತ್ತಿರುವವೇ. 1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದಾಯಿತು, ರವೆ ಇಡ್ಲಿ ಬಂತು. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ 10,000 ರೂಪಾಯಿಯೊಂದಿಗೆ ಬಯೋಕಾನ್ ಆರಂಭಿಸಿದಾಗ, ವಯಸ್ಸು ಚಿಕ್ಕದು, ಹೆಣ್ಣುಮಗಳು ಎಂದು ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕಿದ್ದವು. ಪಪ್ಪಾಯಿಯಿಂದ ಕಿಣ್ವ ತೆಗೆಯುವ ಕೆಲಸದಿಂದ ಹೊರಟವರು ಇನ್ಸುಲಿನ್‌ವರೆಗೆ ಬಂದರು. 1981ರಲ್ಲಿ ಇನ್ಫೋಸಿಸ್‌ಗೆ ಸುಧಾ ಮೂರ್ತಿಯವರು ಕೊಟ್ಟದ್ದೂ 10,000 ರೂಪಾಯಿಯೇ. ಆ ಹಣ ಒಂದು ಮನೆಯ ಉಳಿತಾಯ ಎಂಬುದನ್ನು ಮರೆಯಬೇಡಿ.

1969ರಲ್ಲಿ ಸಿಂಡಿಕೇಟ್ ಬ್ಯಾಂಕ್ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರೇ ಹೋಯಿತು. ನನಗೆ ಸಂಕಟವಾಯಿತು. ಆದರೆ ಸಂಜೆ ಅಂಗಡಿ ಬೀದಿಯಲ್ಲಿ ನಿಂತು ನೋಡಿ: ಯಾವ ಸೊಸೈಟಿಯವರು ಬಂದರೂ ಅಂಗಡಿಯವರು ಹೇಳುವುದು 'ಪಿಗ್ಮಿಯವರು ಬಂದರು' ಎಂದೇ. ಬೋರ್ಡು ಇಳಿದರೂ ಮಾತು ಉಳಿದಿದೆ.

ಮಕ್ಕಳೇ, ನೇಕಾರರ ಸಂಕಟವನ್ನು ಆ ಮೂವರು ಹೊರಗಿನಿಂದ ನೋಡಿ ತಿಳಿದುಕೊಂಡರು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದು ಹುಟ್ಟಿದಾಗಿನಿಂದ ಗೊತ್ತು. ಕರೆಂಟು ಹೋದರೆ ಎಷ್ಟು ನಷ್ಟ, ರೇಷ್ಮೆ ದರ ಏರಿದಾಗ ಅಪ್ಪ ಯಾಕೆ ಮಾತು ಕಡಿಮೆ ಮಾಡುತ್ತಾರೆ ಎಂಬುದು ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ಇಲ್ಲ. ಇವತ್ತು ರಾತ್ರಿ ಈ ಗೌನು ಕಳಚಿಟ್ಟ ಮೇಲೆ ಅಪ್ಪ ಅಮ್ಮನ ಹತ್ತಿರ ಕೂತು ಕೇಳಿ: ನಮ್ಮ ಮಗ್ಗದಿಂದ ಇಳಿದ ಸೀರೆ ಯಾವ ಊರಿನ ಯಾವ ಅಂಗಡಿಯಲ್ಲಿ, ಯಾರ ಹೆಸರಿನಲ್ಲಿ, ಎಷ್ಟಕ್ಕೆ ಮಾರಾಟವಾಗುತ್ತದೆ? ನಮಗೆ ಅದರಲ್ಲಿ ಬಂದದ್ದೆಷ್ಟು?