ಒಂದೇ ಬಿರುಕು, ಎರಡು ನ್ಯಾಯ

(ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಹೊರಗುತ್ತಿಗೆ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಗಾಜಿನ ಕಟ್ಟಡ, ರಾತ್ರಿ ಪಾಳಿ, ಕಂಪ್ಯೂಟರ್. ನಾನು ಹೇಳಹೊರಟಿರುವುದು ಸಿಮೆಂಟಿನ ಕಟ್ಟಡವೊಂದರ ಕತೆ. ಢಾಕಾದ ಹೊರವಲಯದ ಸಾವರ್‌ನಲ್ಲಿದ್ದ ಎಂಟು ಮಹಡಿಯ ರಾಣಾ ಪ್ಲಾಜಾ.

2013ರ ಏಪ್ರಿಲ್ 23ರಂದು ಅಲ್ಲಿ ಬಿರುಕು ಕಾಣಿಸಿಕೊಂಡಿತು. ಕೆಳಗಿದ್ದ ಬ್ಯಾಂಕ್ ಶಾಖೆ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು, ಅಂಗಡಿಗಳು ಮುಚ್ಚಿದವು. ಮೇಲಿದ್ದ ಐದು ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರಿಗೆ ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲು ಅಪ್ಪಣೆಯಾಯಿತು. ಬಾರದಿದ್ದರೆ ಸಂಬಳವಿಲ್ಲ ಎಂದು ಬೆದರಿಸಿದ್ದರೆಂದು ಬದುಕುಳಿದವರು ಹೇಳಿದ್ದಾರೆ. ಒಂಬತ್ತು ಗಂಟೆಯ ಸುಮಾರಿಗೆ, ವಿದ್ಯುತ್ ಹೋಗಿ ಜನರೇಟರ್‌ಗಳು ಅದುರತೊಡಗಿದ ಸ್ವಲ್ಪ ಹೊತ್ತಿನಲ್ಲೇ ಕಟ್ಟಡ ಕುಸಿಯಿತು. ಸತ್ತವರು 1,130ಕ್ಕೂ ಹೆಚ್ಚು.

ಬಿರುಕು ಒಂದೇ. ಬ್ಯಾಂಕಿನ ಗುಮಾಸ್ತ ಮನೆಯಲ್ಲಿದ್ದ, ಹೊಲಿಗೆಯ ಹುಡುಗಿ ಯಂತ್ರದ ಮುಂದಿದ್ದಳು. ಏಕೆ? ಬಿರುಕಿನ ಸುದ್ದಿ ಆಕೆಗೂ ಗೊತ್ತಿತ್ತು. ಆದರೆ ಆಗ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 3,000 ಟಾಕಾ, ಅಂದರೆ 40 ಡಾಲರಿಗೂ ಕಡಿಮೆ. ತಿಂಗಳ ಕೊನೆಯಲ್ಲಿ ಅದನ್ನು ಕಳೆದುಕೊಂಡರೆ ಬಾಡಿಗೆ ಕಟ್ಟುವುದು ಯಾರು? ಆ ಐದರಲ್ಲಿ ಒಂದು ಕಾರ್ಖಾನೆಯಲ್ಲೂ ಕಾರ್ಮಿಕ ಸಂಘವಿರಲಿಲ್ಲ. ಒಳಗೆ ಕಾಲಿಡುವುದಿಲ್ಲ ಎಂದು ಒಬ್ಬಳೇ ಹೇಳಿದರೆ ಅದು ಅವಿಧೇಯತೆ. ಮೂರು ಸಾವಿರ ಮಂದಿ ಹೇಳಿದ್ದರೆ ಮಾತೇ ಬೇರೆ.

ಮಾಲೀಕರ ಅವಸರಕ್ಕೂ ಒಂದು ಲೆಕ್ಕವಿದೆ. ಸರಕು ಹಡಗಿಗೆ ತಡವಾದರೆ ಖರೀದಿದಾರ ದರ ಕಡಿತ ಮಾಡುತ್ತಾನೆ, ಇಲ್ಲವೇ ವಿಮಾನದ ಬಾಡಿಗೆಯನ್ನು ಕಾರ್ಖಾನೆಯ ತಲೆಗೇ ಕಟ್ಟುತ್ತಾನೆ. ದರ, ದಿನಾಂಕ ಎರಡನ್ನೂ ನಿಗದಿ ಮಾಡುವ ಆ ಪುಣ್ಯಾತ್ಮ ಕಾರ್ಖಾನೆ ಮಾತ್ರ ತನ್ನದಲ್ಲ ಎನ್ನುತ್ತಾನೆ! ಇಟಲಿಯ ಬೆನೆಟನ್ ಕಂಪನಿ ಮೊದಲು ಸಂಬಂಧವನ್ನೇ ನಿರಾಕರಿಸಿ, ಆಮೇಲೆ ಒಪ್ಪಿಕೊಂಡಿತು. ಅವಶೇಷಗಳಡಿಯಿಂದ ಅಂಗಿಯ ಲೇಬಲ್‌ಗಳನ್ನು ಹೆಕ್ಕಿ ಸಾಕ್ಷ್ಯ ಒದಗಿಸಬೇಕಾಯಿತು. ಇಲ್ಲಿನ ಕೆಲವು ಕಾರ್ಖಾನೆಗಳನ್ನು ಖರೀದಿದಾರರ ಪರವಾದ ತಪಾಸಕರು ಮೊದಲೇ ನೋಡಿ ಹೋಗಿದ್ದರು. ಕಟ್ಟಡದ ಭದ್ರತೆ ಅವರ ಪಟ್ಟಿಯಲ್ಲಿರಲಿಲ್ಲವಂತೆ.

ಹಾಗಾದರೆ ಆ ಬಟ್ಟೆಯನ್ನೇ ಕೊಳ್ಳಬಾರದೇ? ನನಗೆ ಹಾಗನ್ನಿಸುವುದಿಲ್ಲ. ಬಾಂಗ್ಲಾದೇಶದ ರಫ್ತಿನ ಐದರಲ್ಲಿ ನಾಲ್ಕು ಪಾಲು ಸಿದ್ಧ ಉಡುಪು. ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳು ಸ್ವಂತ ಸಂಪಾದನೆ ಕಂಡದ್ದು ಅದರಿಂದಲೇ. ಬಹಿಷ್ಕಾರದ ಮೊದಲ ಪೆಟ್ಟು ಬೀಳುವುದು ಅವರಿಗೇ.

ದುರಂತದ ಮರುತಿಂಗಳೇ ಮಾಡಿಕೊಂಡ ಸುರಕ್ಷತಾ ಒಪ್ಪಂದ ಬೇರೆ ದಾರಿ ಹಿಡಿಯಿತು. ಕಾರ್ಮಿಕ ಸಂಘಗಳೊಂದಿಗೆ ಕ್ರಮೇಣ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದ ಇದು ಕಾನೂನುಬದ್ಧ ಕರಾರು, ಕೇವಲ ಸದಾಶಯದ ಘೋಷಣೆಯಲ್ಲ. ತಪಾಸಣೆಯ ವರದಿ ಬಹಿರಂಗ. ಅಪಾಯವೆನಿಸಿದರೆ ಕೆಲಸ ನಿರಾಕರಿಸುವ ಹಕ್ಕೂ ಅದರಲ್ಲಿದೆ. ಏಪ್ರಿಲ್ 24ರ ಬೆಳಿಗ್ಗೆ ಇಲ್ಲದಿದ್ದದ್ದು ಅದೇ. ಅಮೆರಿಕದ ವಾಲ್‌ಮಾರ್ಟ್, ಗ್ಯಾಪ್ ಇದಕ್ಕೆ ಸಹಿ ಹಾಕದೆ ತಮ್ಮದೇ ಕೂಟ ಕಟ್ಟಿಕೊಂಡವು. ಸಂತ್ರಸ್ತರ 3 ಕೋಟಿ ಡಾಲರ್ ಪರಿಹಾರ ನಿಧಿ ಭರ್ತಿಯಾಗಲು 2015ರ ಜೂನ್ ಬರಬೇಕಾಯಿತು.

ಇದೆಲ್ಲ ಪರದೇಶದ ಸಂಗತಿ ಎಂದುಕೊಳ್ಳಬೇಡಿ. ಹೊರದೇಶದ ಬ್ರ್ಯಾಂಡ್‌ಗಳಿಗೆ ನಮ್ಮ ರಾಜ್ಯದ ಹೆಣ್ಣುಮಕ್ಕಳೂ ಹೊಲಿಯುತ್ತಾರೆ. 2020ರ ಏಪ್ರಿಲ್‌ನಿಂದ ಅವರಿಗೆ ತಿಂಗಳಿಗೆ ಸುಮಾರು 400 ರೂಪಾಯಿ ತುಟ್ಟಿಭತ್ಯೆ ಹೆಚ್ಚಬೇಕಿತ್ತು. ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ವಿದೇಶಿ ಖರೀದಿದಾರರ ಮೇಲೆ ಒತ್ತಡ ಬಿದ್ದ ನಂತರ, 2022ರಲ್ಲಿ, ಬಾಕಿ ಕೈಸೇರತೊಡಗಿತು.