ಗಣಕವಿದ್ಯೆಯೂ ನಮ್ಮ ಬಾಲಕ ಬಾಲಿಕೆಯರೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶಾಲೆಗಳಲ್ಲಿ ಗಣಕವಿದ್ಯೆಯನ್ನು ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದಾಗ ನಾನು ಚಕಿತನಾದೆನು. ವ್ಯಾಕರಣ ಛಂದಸ್ಸುಗಳನ್ನು ಪಾಠಶಾಲೆಯ ಜಗಲಿಯಲ್ಲಿ ಬಾಯಿಪಾಠ ಮಾಡಿ, ಐವತ್ತನ್ನು ದಾಟಿದ ಮೇಲೆ ಒಬ್ಬ ಹತ್ತನೆಯ ತರಗತಿಯ ಬಾಲಿಕೆಯಿಂದ ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಕೊಡುವುದನ್ನು ಕಲಿತವನಿಗೆ ಈ ವಿಷಯದಲ್ಲಿ ಅಧಿಕಾರವೇನುಂಟು? ಆದರೆ ನಮ್ಮ ಪ್ರೌಢಶಾಲೆಯ ಗಣಕದ ಕೊಠಡಿಯ ಮೇಲ್ವಿಚಾರಣೆಯು ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅಲ್ಲಿ ನಡೆದ ತಪ್ಪಿಗೂ ನಾನೇ ಹೊಣೆಗಾರನು. ಆದಕಾರಣ ಕಂಡದ್ದನ್ನು ಕಂಡಂತೆ ವಿಜ್ಞಾಪಿಸಿಕೊಳ್ಳುತ್ತೇನೆ.

ಬೆಂಗಳೂರಿನ ಹೊರವಲಯವು ಹೇಗೆ ಮಾರ್ಪಟ್ಟಿತೆಂಬುದು ತಮಗೆಲ್ಲ ವಿದಿತವಾಗಿಯೇ ಇದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಇಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ವೈಟ್‌ಫೀಲ್ಡಿನ ತಂತ್ರಜ್ಞಾನದ ಸೌಧಗಳು ನಿಂತಿರುವುದೂ ಪಟ್ಟಂದೂರು ಅಗ್ರಹಾರದ ನೆಲದಲ್ಲಿಯೇ. ಅಗ್ರಹಾರವೆಂದರೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರು. ಆ ಹೆಸರು ಪುನಃ ಸಾರ್ಥಕವಾಯಿತೆಂದು ನಾನು ಒಮ್ಮೆ ಸಂತೋಷಪಟ್ಟದ್ದುಂಟು. ಆದರೆ ಹಿಂದಿನ ಅಗ್ರಹಾರದಲ್ಲಿ ವಿದ್ಯೆಯು ಎಲ್ಲರಿಗೂ ದೊರೆಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಈಗಲೂ ಆ ಸೌಧಗಳಲ್ಲಿ ಕಸಗುಡಿಸುವವರ, ಬಾಗಿಲು ಕಾಯುವವರ ಮಕ್ಕಳಲ್ಲಿ ಎಷ್ಟು ಮಂದಿ ಒಳಗಿನ ವಿದ್ಯೆಗೆ ಹಕ್ಕುದಾರರಾದರು? ನಮ್ಮ ಶಾಲೆಯಿರುವುದು ಪೀಣ್ಯದ ಬಳಿ. ನಮ್ಮ ಮಕ್ಕಳ ತಂದೆಯರು ಲೇತು ಯಂತ್ರದ ಮುಂದೆ, ತಾಯಂದಿರು ಸಿದ್ಧ ಉಡುಪಿನ ಕಾರ್ಖಾನೆಯ ಹೊಲಿಗೆಯ ಸಾಲಿನಲ್ಲಿ ದುಡಿಯುವವರು.

ಭಕ್ತಾದಿಗಳು ಉದಾರವಾಗಿ ಹತ್ತು ಗಣಕಗಳನ್ನು ದಾನಮಾಡಿದರು. ತರಗತಿಯಲ್ಲಿ ನಲವತ್ತು ಮಕ್ಕಳು; ಒಂದೊಂದು ಯಂತ್ರಕ್ಕೆ ನಾಲ್ವರು. ಬಾಲಿಕೆಯರ ಅಕ್ಷರವು ಮುದ್ದಾಗಿರುತ್ತದೆಯೆಂದು, ಆದೇಶಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸವನ್ನು ಅವರಿಗೆ ವಹಿಸಿದೆನು. ಬಾಲಕರು ಕೀಲಿಮಣೆಯ ಮುಂದೆ ಕುಳಿತರು. ಎಲ್ಲವೂ ಶಿಸ್ತಿನಿಂದ ನಡೆಯುತ್ತಿರುವಂತೆ ನನ್ನ ಕಣ್ಣಿಗೆ ತೋರಿತು. ವರ್ಷಾಂತ್ಯದ ಪರೀಕ್ಷೆಯಲ್ಲಿ ಬಾಲಿಕೆಯರೇ ಹೆಚ್ಚು ಅಂಕ ಪಡೆದರು. ಆದರೆ ಯಂತ್ರವನ್ನು ಚಾಲೂ ಮಾಡೆಂದರೆ ಅವರಲ್ಲಿ ಅನೇಕರು ಪಕ್ಕದ ಹುಡುಗನ ಮುಖವನ್ನು ನೋಡಿದರು. ಅಂದು ನನಗಾದ ಲಜ್ಜೆಯನ್ನು ಈ ಸಭೆಯಲ್ಲಿ ಮುಚ್ಚಿಡಲಾರೆನು.

ಮರುವರ್ಷ ಸರದಿಯನ್ನು ಕಟ್ಟುನಿಟ್ಟುಮಾಡಿ, ಪ್ರತಿಯೊಂದು ಮಗುವೂ ಹತ್ತು ಹತ್ತು ನಿಮಿಷ ಕೀಲಿಮಣೆಯ ಮುಂದೆ ಕೂರತಕ್ಕದ್ದೆಂದು ನಿಯಮಿಸಿದೆನು. ಕೈಗೆ ಯಂತ್ರ ಬಂದಿತು, ಮನಸ್ಸು ಬರಲಿಲ್ಲ. ಏಕೆಂದರೆ ನಾವು ಕೊಡುತ್ತಿದ್ದ ಅಭ್ಯಾಸಗಳು ಕ್ರಿಕೆಟ್ಟಿನ ಓಟಗಳ ಸರಾಸರಿ, ಮೋಟಾರು ಪಂದ್ಯದ ಆಟ, ಇಂಥವೇ. ಲೋಕದ ಉದಾಹರಣೆಯಿಂದ ಪಾಠ ಹೇಳಬೇಕೆಂದು ಎಲ್ಲರೂ ಹೇಳುತ್ತಾರೆ. ಯಾರ ಲೋಕ ಎಂದು ನಾವು ಕೇಳಿಕೊಂಡಿರಲಿಲ್ಲ.

ಉತ್ತರವು 2024ರ ಬೇಸಗೆಯಲ್ಲಿ ತಾನಾಗಿ ಬಂದಿತು. ಆ ವರ್ಷ ಹೊರವಲಯದ ಕೊಳವೆಬಾವಿಗಳು ಬತ್ತಿಹೋದುದನ್ನು ಯಾರು ಮರೆತಾರು? ಮಾರ್ಚಿಯಲ್ಲಿ ಜಿಲ್ಲಾಡಳಿತವು ಟ್ಯಾಂಕರು ನೀರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಪ್ರಸಾದನಿಲಯಕ್ಕೆ ಯಾವ ದಿನ ಯಾವ ಟ್ಯಾಂಕರು ತರಿಸಬೇಕೆಂಬುದನ್ನು ಗಣಕದಿಂದ ಹೇಳಿಸಿರೆಂದು ಮಕ್ಕಳಿಗೆ ಒಪ್ಪಿಸಿದೆವು. ಬಾಲಕರು ಬೇಗನೆ ಒಂದು ಕ್ರಮವನ್ನು ಬರೆದರು: ತೊಟ್ಟಿಯಲ್ಲಿರುವ ನೀರು ನಾಳೆಯ ಖರ್ಚಿಗಿಂತ ಕಡಿಮೆಯಾದರೆ ಟ್ಯಾಂಕರು ಕರೆ, ಇಲ್ಲವಾದರೆ ಬೇಡ. ತರ್ಕವು ಶುದ್ಧವಾಗಿತ್ತು. ಆಗ ಹಿಂದಿನ ಸಾಲಿನ ಒಬ್ಬ ಬಾಲಿಕೆಯು ಎದ್ದು, "ಗುರುಗಳೇ, ಫೋನು ಮಾಡಿದ ದಿನ ಟ್ಯಾಂಕರು ಬರುವುದಿಲ್ಲ, ಎರಡು ದಿನ ಕಾಯಿಸುತ್ತಾರೆ" ಎಂದಳು. ಮನೆಯಲ್ಲಿ ಬಿಂದಿಗೆ ಹಿಡಿದು ಕಾಯುವವಳು ಅವಳೇ. ಇನ್ನೊಬ್ಬಳು, ಸೋಮವಾರವೂ ಅಮಾವಾಸ್ಯೆಯೂ ದಾಸೋಹಕ್ಕೆ ಬರುವವರು ಹೆಚ್ಚು, ಪಾತ್ರೆ ತೊಳೆಯುವ ನೀರು ಹೆಚ್ಚು ಎಂದಳು. ಬರೆದ ಕ್ರಮವೆಲ್ಲ ತಿದ್ದಲ್ಪಟ್ಟಿತು. ಅಂದಿನಿಂದ ಆ ಬಾಲಿಕೆಯರು ಯಂತ್ರದ ಮುಂದಿನಿಂದ ಏಳಲೊಲ್ಲದಾದರು. ಬಾಲಕರು ಅಡುಗೆಮನೆಗೆ ಹೋಗಿ, ಎಷ್ಟು ಸೇರು ಅಕ್ಕಿಗೆ ಎಷ್ಟು ಕೊಡ ನೀರೆಂದು ಕೇಳಿ ಬರೆದುಕೊಂಡರು. ಈ ಎರಡನೆಯದು ಮೊದಲನೆಯದಕ್ಕಿಂತ ಸಣ್ಣ ಲಾಭವಲ್ಲ.

ಅಕ್ಕಿಯ ಮಾತು ಬಂದುದರಿಂದ ನೆನಪಾಗುತ್ತದೆ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ ಲೆಕ್ಕ ತಪ್ಪಿತೆಂದು ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ಕದಿರೆ ರೆಮ್ಮವ್ವೆಯು ತಾನು ನೂಲುವ ರಾಟೆಯಲ್ಲಿಯೇ ತನ್ನ ಅನುಭಾವಕ್ಕೆ ಮಾತನ್ನು ಕಂಡುಕೊಂಡಳು. ಕಾಯಕದೊಳಗಿಂದ ಅರಿವು ಹುಟ್ಟುವುದು ನಮಗೆ ಹೊಸ ಸಂಗತಿಯಲ್ಲ.

ಯಂತ್ರವು ಸಾಲದಿದ್ದಾಗ ಏನು ಮಾಡುವುದೆಂಬ ಪ್ರಶ್ನೆಯುಂಟು. ಇಲ್ಲಿ ನನ್ನ ಹಳೆಯ ಪಾಠವೇ ಉಪಯೋಗಕ್ಕೆ ಬಂದಿತು. ಗಣಕವು ಎಲ್ಲವನ್ನೂ ಸೊನ್ನೆ, ಒಂದು ಎಂಬ ಎರಡೇ ಗುರುತುಗಳಿಂದ ಬರೆದುಕೊಳ್ಳುತ್ತದೆ. ನಮ್ಮ ಛಂದಶ್ಶಾಸ್ತ್ರವೂ ಲಘು, ಗುರು ಎಂಬ ಎರಡರಿಂದಲೇ ವೃತ್ತಗಳನ್ನೆಲ್ಲ ಎಣಿಸುತ್ತದೆ. ಪಿಂಗಳನ ಪ್ರಸ್ತಾರದಲ್ಲಿ ಮೂರಕ್ಷರದ ಗಣಗಳು ಎಂಟು. ಆರನೆಯ ಗಣ ಯಾವುದೆಂಬುದನ್ನು ಪ್ರಸ್ತಾರ ಬರೆಯದೆಯೇ ಹೇಳುವ ಉಪಾಯಕ್ಕೆ ನಷ್ಟವೆಂದು ಹೆಸರು. ಸಂಖ್ಯೆಯು ಸಮವಾದರೆ ಲಘು ಬರೆದು ಅರ್ಧಮಾಡು. ವಿಷಮವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಮಾಡು. ಆರು ಸಮ, ಲಘು. ಮೂರು ವಿಷಮ, ಗುರು. ಒಂದು ಕೂಡಿಸಿ ಅರ್ಧಿಸಿದರೆ ಎರಡು, ಸಮ, ಲಘು. ಲಘು ಗುರು ಲಘು, ಅಂದರೆ ಜಗಣ. ಆರನೆಯದು ಜಗಣವೇ. ಮೂವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗುರುವಾದವರು ಕೈಯೆತ್ತಿ, ಲಘುವಾದವರು ಕೈಯಿಳಿಸಿ ಎಂದರೆ ಅಂಗಳವೇ ಗಣಕವಾಗುತ್ತದೆ. ನ್ಯೂಜಿಲೆಂಡಿನ ಟಿಮ್ ಬೆಲ್ ಮೊದಲಾದ ಅಧ್ಯಾಪಕರು ಯಂತ್ರವಿಲ್ಲದೆ ಕಾಗದದ ಎಲೆಗಳಿಂದಲೂ ಆಟಗಳಿಂದಲೂ ಗಣಕವಿದ್ಯೆಯನ್ನು ಕಲಿಸುವ ಪದ್ಧತಿಯನ್ನು ಬೆಳೆಸಿರುವರೆಂದು ಆಮೇಲೆ ತಿಳಿಯಿತು.

ಮಕ್ಕಳನ್ನು ದೊಡ್ಡಬಳ್ಳಾಪುರದ ಮಗ್ಗಗಳಿಗೂ ಕರೆದುಕೊಂಡು ಹೋದೆವು. ಈಗ ಎಷ್ಟೋ ಮಗ್ಗಗಳಿಗೆ ವಿದ್ಯುನ್ಮಾನದ ಜಕಾರ್ಡು ಬಂದಿದೆಯಾದರೂ, ಒಂದೆಡೆ ಹಳೆಯ ರಟ್ಟಿನ ಪಟ್ಟಿಗಳು ಮೇಲೆ ತೂಗಾಡುತ್ತಿದ್ದವು. ರಂಧ್ರವಿರುವಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳದು. ಸೀರೆಯ ಸೆರಗಿನ ಹಂಸವೆಲ್ಲ ಈ ಹೌದು ಅಲ್ಲಗಳಿಂದ ಮೂಡಿದ್ದು. ಸುಮಾರು 1804ರಲ್ಲಿ ಫ್ರಾನ್ಸಿನ ಜಕಾರ್ಡನು ರೂಪಿಸಿದ ಈ ಮಗ್ಗದ ಪಟ್ಟಿಗಳನ್ನೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣನಯಂತ್ರಕ್ಕೆ ಬಳಸಲೆಣಿಸಿದನು. ಆ ಯಂತ್ರವು ಲೆಕ್ಕವನ್ನು ನಡೆಸಬೇಕಾದ ಕ್ರಮವನ್ನು 1843ರಲ್ಲಿ ಬರೆದು ಪ್ರಕಟಿಸಿದವಳು ಏಡಾ ಲವ್‌ಲೇಸ್ ಎಂಬ ಸ್ತ್ರೀ. ಅಮೆರಿಕದ ಎನಿಯಾಕ್ ಎಂಬ ಮಹಾಗಣಕವು 1946ರಲ್ಲಿ ಲೋಕಕ್ಕೆ ತೋರಿಸಲ್ಪಟ್ಟಾಗ ಅದಕ್ಕೆ ಲೆಕ್ಕ ಕಲಿಸಿದ್ದವರು ಆರು ಮಂದಿ ಸ್ತ್ರೀಯರು. ಅಂದು ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಚಂದ್ರಯಾನಿಗಳ ನೌಕೆಯ ಗಣಕದ ಸ್ಮೃತಿಯನ್ನು ತಂತಿಯ ಎಳೆಗಳಿಂದ ಕಾರ್ಖಾನೆಯಲ್ಲಿ ಹೆಣೆದವರೂ ಸ್ತ್ರೀಯರೇ. ಈ ವಿದ್ಯೆಯು ಗಂಡುಮಕ್ಕಳದೆಂಬ ನಂಬಿಕೆಯು ತೀರ ಈಚಿನದು.

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1995ರಲ್ಲಿ ಗಣಕವಿದ್ಯೆಗೆ ಸೇರಿದವರಲ್ಲಿ ಸ್ತ್ರೀಯರು ನೂರಕ್ಕೆ ಏಳು ಮಂದಿ, 2000ದಲ್ಲಿ ನಲವತ್ತೆರಡು. ಅಲ್ಲಿ ಜೇನ್ ಮಾರ್ಗೊಲಿಸ್, ಆಲನ್ ಫಿಶರ್ ಎಂಬವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೇಳಿ, ಯಂತ್ರಕ್ಕಾಗಿ ಯಂತ್ರವೆಂಬುದು ಅನೇಕ ಬಾಲಿಕೆಯರನ್ನು ಸೆಳೆಯದೆಂದೂ, ಜನರಿಗೆ ಏನಾದೀತೆಂಬುದು ಸೆಳೆಯುತ್ತದೆಂದೂ ಕಂಡುಕೊಂಡರು. ಪ್ರವೇಶದ ನಿಯಮವನ್ನೂ ಪಾಠಕ್ರಮವನ್ನೂ ಮಾರ್ಪಡಿಸಿದರು. ಟ್ಯಾಂಕರಿನ ಬಾಲಿಕೆಯು ನನಗೆ ಕಲಿಸಿದ್ದೂ ಇದನ್ನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯ ಸುಮಾರಿಗೇ ಗಣಕಕ್ಕೆ ಕ್ರಮ ಬರೆಯುವ ಅಭ್ಯಾಸವನ್ನು ಸೂಚಿಸಿತು. ಯಾವ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ಆಯಾ ಊರೇ ಹುಡುಕಿಕೊಳ್ಳಬೇಕು.

ಈಗ ದಾನಿಗಳಲ್ಲಿ ಒಂದು ಬಿನ್ನಹ. ಮಹೋತ್ಸವದ ನಿಧಿಯಿಂದ ಇನ್ನೂ ಇಪ್ಪತ್ತು ಗಣಕಗಳನ್ನು ಕೊಳ್ಳಬೇಕೆಂದು ಕೆಲವರು ಸೂಚಿಸಿದ್ದಾರೆ. ದಯಮಾಡಿ ಬೇಡ. ಆ ದ್ರವ್ಯದಿಂದ ಕನ್ನಡದಲ್ಲಿ ಪಾಠ ಹೇಳಬಲ್ಲ ಒಬ್ಬ ಅಧ್ಯಾಪಿಕೆಯನ್ನು ನೇಮಿಸಿರಿ. ಸಂಜೆಯ ಅಭ್ಯಾಸದ ಬಳಿಕ ಬಾಲಿಕೆಯರನ್ನು ಮನೆಗೆ ಮುಟ್ಟಿಸಲು ಒಂದು ವ್ಯಾನು ಗೊತ್ತುಮಾಡಿರಿ. ಕತ್ತಲಾಗುತ್ತದೆಂದು ತಾಯಿ ಕರೆದೊಯ್ದರೆ ಯಂತ್ರವು ಎಷ್ಟಿದ್ದರೇನು? ಯಂತ್ರ ಕೊಟ್ಟವರ ಹೆಸರು ಫಲಕದಲ್ಲಿ ಉಳಿಯುತ್ತದೆ, ವ್ಯಾನಿನ ಬಾಡಿಗೆ ಕೊಟ್ಟವರದು ಉಳಿಯುವುದಿಲ್ಲ, ಆದರೂ ಕೇಳುತ್ತಿದ್ದೇನೆ.

ಮೊದಲ ವರ್ಷದಲ್ಲಿ ಆದೇಶಗಳನ್ನು ಮುತ್ತಿನಂತಹ ಅಕ್ಷರದಲ್ಲಿ ಬರೆದುಕೊಂಡ ಒಬ್ಬ ಬಾಲಿಕೆಯು ಹತ್ತನೆಯ ತರಗತಿ ಮುಗಿಸಿ ಉಡುಪಿನ ಕಾರ್ಖಾನೆ ಸೇರಿದಳು. ಹೋಗುವಾಗ ಆ ಪುಸ್ತಕವನ್ನು ಶಾಲೆಗೆ ಒಪ್ಪಿಸಿ ಹೋದಳು. ಅದು ನನ್ನ ಮೇಜಿನ ಮೇಲಿದೆ. ಅದರಲ್ಲಿರುವ ಒಂದು ಕ್ರಮವನ್ನೂ ಅವಳು ಯಂತ್ರದಲ್ಲಿ ನಡೆಸಿ ನೋಡಿದವಳಲ್ಲ. ಭಾನುವಾರಗಳಂದು ಬಂದು ನೋಡುವೆಯಾ ಎಂದು ಹೇಳಿಕಳುಹಿಸಿದ್ದೇನೆ, ಬರುವೆನೆಂದಿದ್ದಾಳೆ. ಅಂದು ಕೊಠಡಿಯು ತೆರೆದಿರುತ್ತದೆ. ತಾವೂ ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರಬಹುದು.